ಬದುವಿನ ಹಳದಿ ಹೂ: ಮಗುಚಿ ನೋಡಿ ಕಲಿತದ್ದು

ನಮ್ಮ ಗದ್ದೆ ಇರುವುದು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನಲ್ಲಿ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಒಂದು ಉಪನಾಲೆಯ ಪಕ್ಕ. ಎರಡೂವರೆ ಎಕರೆ. ಒಂದೂವರೆ ಎಕರೆ ಭತ್ತ, ಉಳಿದದ್ದು ಕಬ್ಬು. ನಾಲೆಗೂ ಗದ್ದೆಗೂ ನಡುವೆ ಸುಮಾರು 120 ಅಡಿ ಉದ್ದದ ಅಗಲವಾದ ಬದು ಇದೆ. ಈ ಬರಹ ಆ ಬದುವಿನದು. ಅಲ್ಲಿ ನಾನೇ ಕೈಯಾರೆ ನೆಟ್ಟ ಒಂದು ಹಳದಿ ಹೂವಿನದು, ಅದನ್ನು ಕೀಳಲು ಹಿಡಿದ ಮೂರು ವರ್ಷಗಳದು, ಆ ನೆಪದಲ್ಲಿ ಹಳದಿ ಹೂಗಳನ್ನು ಒಂದರಿಂದ ಒಂದು ಬೇರೆ ಮಾಡಿ ನೋಡಲು ನಾನು ಕಲಿತದ್ದು.

2016ರ ಮಳೆಗಾಲದಲ್ಲಿ ಬದುವಿನ ಮಣ್ಣು ಎರಡು ಕಡೆ ಕುಸಿಯಿತು. ಮಣ್ಣು ಹಿಡಿದುಕೊಳ್ಳುವಂಥದ್ದು ಏನಾದರೂ ನೆಡೋಣ ಅಂತ ಮೈಸೂರು ರಸ್ತೆಯ ಒಂದು ನರ್ಸರಿಗೆ ಹೋದೆ. ಅಲ್ಲಿ ನೆಲಕ್ಕೆ ಹಾಸಿದ ಹಾಗೆ ಹಬ್ಬಿದ್ದ ಬಳ್ಳಿ, ದಪ್ಪ ಹಸಿರು ಎಲೆ, ಮೇಲೆಲ್ಲ ಪುಟ್ಟ ಸೂರ್ಯಕಾಂತಿಯಂಥ ಹೂ. "ಹಳದಿ ಗರಗ ಅಕ್ಕ ಇದು, ಎಣ್ಣೆ ಕಾಯಿಸಿದ್ರೆ ಕೂದಲಿಗೆ ಒಳ್ಳೇದು" ಅಂದರು. ನನ್ನ ತವರು ನಾಗಮಂಗಲದ ಕಡೆ. ನಮ್ಮಜ್ಜಿ ಗರಗದ ಸೊಪ್ಪಿನ ರಸ ಹಿಂಡಿ ಕೊಬ್ಬರಿ ಎಣ್ಣೆಗೆ ಹಾಕಿ ಕಾಯಿಸುತ್ತಿದ್ದರು. ಗರಗ ಅನ್ನುವ ಹೆಸರು ಕಿವಿಗೆ ಬಿದ್ದದ್ದೇ ಸಾಕಾಯಿತು, ಹತ್ತು ಗಿಡ ತಂದೆ.

ಮೊದಲ ವರ್ಷ ಅದು ಬದುವನ್ನು ಚೆನ್ನಾಗಿಯೇ ಹಿಡಿಯಿತು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು, ಇಬ್ಬರು ತುಂಡು ಕೇಳಿ ತೆಗೆದುಕೊಂಡು ಹೋದರು. ಎರಡನೆಯ ವರ್ಷ ಬದುವಿನ ತುದಿಯಿಂದ ತುದಿಗೆ ಅದೇ. ಮೂರನೆಯ ವರ್ಷಕ್ಕೆ ತೂಬಿನ ಬಾಯಿ ಮುಚ್ಚಿತು, ಭತ್ತದ ಮೊದಲ ಸಾಲಿಗೆ ಇಳಿಯಿತು. ಹುಲ್ಲು ಹೋಯಿತು, ಅದರ ಜೊತೆಗೆ ಸೊಪ್ಪೂ ಹೋಯಿತು.

ಬೆರಕೆ ಸೊಪ್ಪು ಅಂದರೇನು ಅಂತ ಮಂಡ್ಯದವರಿಗೆ ಹೇಳಬೇಕಾಗಿಲ್ಲ. ಹೊನಗೊನ್ನೆ, ಅಣ್ಣೆ, ಗೋಣಿ, ನಾಲ್ಕು ಎಸಳು ಗರಗ, ಕೈಗೆ ಸಿಕ್ಕಿದ್ದನ್ನೆಲ್ಲ ಸೆರಗಿಗೆ ಹಾಕಿಕೊಂಡು ಬಂದು ಬಸ್ಸಾರು ಮಾಡುವುದು. ನಮ್ಮತ್ತೆ ಮದುವೆಯಾಗಿ ಬಂದಾಗಿನಿಂದ ಆ ಬದುವಿನಲ್ಲೇ ಸೊಪ್ಪು ಕಿತ್ತವರು. ಒಂದು ದಿನ ಸಾಯಂಕಾಲ ಬರಿಗೈಲಿ ಬಂದು ಜಗುಲಿ ಮೇಲೆ ಕೂತರು. "ಮೊಕ ನೋಡಿ ಮಣೆ ಆಕ್ಬುಟ್ಟೆ ಕಣವ್ವ. ಆ ಹೂವ ತಿನ್ನಕ್ಕಾದದಾ? ಒಂದು ಹಿಡಿ ಸೊಪ್ಪು ಸಿಕ್ತಿಲ್ಲ ಬದಿನಲ್ಲಿ" ಅಂದರು. ಬೈಗುಳ ಆಗಿದ್ದರೆ ಮರೆತುಬಿಡುತ್ತಿದ್ದೆ. ಅವರು ಬೇಸರದಲ್ಲಿ ಹೇಳಿದ್ದರು. ಆ ಮಾತು ಇವತ್ತಿಗೂ ನನ್ನ ಜೊತೆ ಇದೆ.

ಆ ವರ್ಷ ದೀಪಾವಳಿಗೆ ನನ್ನ ಅಣ್ಣನ ಮಗಳು ಬಂದಳು. ಮೈಸೂರಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಬದುವಿನ ಮೇಲೆ ನಿಂತು ಒಂದು ಹೂ ಕಿತ್ತಳು. ಎಲ್ಲರೂ ಹೂವಿನ ಮುಖ ನೋಡುತ್ತಾರೆ, ಇವಳು ಮೊದಲು ಅದನ್ನು ಮಗುಚಿ ಹಿಂಭಾಗ ನೋಡಿದಳು. ಆಮೇಲೆ ಎಲೆ ನೋಡಿ, "ಅತ್ತೆ, ಎಲ್ಲಿಂದ ತಂದ್ರಿ ಇದನ್ನ?" ಅಂದಳು. ದನಿ ಕೇಳಿದಾಗಲೇ ನನಗೆ ಅರ್ಥವಾಯಿತು.

ನಾನು ತಂದದ್ದು ಸ್ಫ್ಯಾಗ್ನೆಟಿಕೋಲ ಟ್ರೈಲೊಬೇಟ. ಹಳೆಯ ಹೆಸರು ವೆಡೇಲಿಯ, ಪೇಟೆಯಲ್ಲಿ ಸಿಂಗಪುರ ಡೇಸಿ ಅಂತಲೂ ಕರೆಯುತ್ತಾರೆ. ಸಿಂಗಪುರಕ್ಕೂ ಅದಕ್ಕೂ ಹುಟ್ಟಿನ ಸಂಬಂಧ ಇಲ್ಲ, ಅದರ ಮೂಲ ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಬಿಸಿಪ್ರದೇಶ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ, ಅಂದರೆ ಐಯುಸಿಎನ್, ಜಗತ್ತಿನಲ್ಲಿ ಅತಿ ಹೆಚ್ಚು ಹಾವಳಿ ಮಾಡುವ 100 ಹೊರಗಿನ ಜೀವಿಗಳ ಪಟ್ಟಿ ಮಾಡಿದೆ. ಅದರಲ್ಲಿ ಈ ಬಳ್ಳಿಯೂ ಇದೆ. ನರ್ಸರಿಯವರು ಹೇಳಿದ ಹಳದಿ ಗರಗ ಅನ್ನುವ ಗಿಡವೂ ಸುಳ್ಳಲ್ಲ. ಅದು ಇದರ ಖಾಸಾ ದಾಯಾದಿ, ಸ್ಫ್ಯಾಗ್ನೆಟಿಕೋಲ ಕ್ಯಾಲೆಂಡುಲೇಸಿಯ, ನಮ್ಮ ನಾಡಿನ ತೇವದ ನೆಲದ್ದು. ಎರಡರ ಹೂವಿನ ಮುಖ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಎಲೆಯಲ್ಲಿದೆ. ನನ್ನ ಬಳ್ಳಿಯ ಎಲೆ ದಪ್ಪ, ಎರಡು ಪಕ್ಕಕ್ಕೂ ಒಂದೊಂದು ಕಿವಿ ಮೂಡಿ ಮೂರು ಹಾಳೆಯಾಗಿ ಕಾಣುತ್ತದೆ. ಟ್ರೈಲೊಬೇಟ ಅಂದರೆ ಅದೇ, ಮೂರು ಹಾಳೆಯದು. ನಿಜವಾದ ಹಳದಿ ಗರಗದ ಎಲೆ ಉದ್ದನೆಯದು, ಆ ಕಿವಿಗಳಿಲ್ಲ. ಹೆಸರಿನಲ್ಲೇ ಬರೆದಿದ್ದ ಗುರುತನ್ನು ನಾನು ಮೂರು ವರ್ಷ ದಿನಾ ನೋಡಿಯೂ ಕಂಡಿರಲಿಲ್ಲ.

ಆವತ್ತು ರಾತ್ರಿ ಊಟವಾದ ಮೇಲೆ ನಡೆದದ್ದು ನನ್ನ ಮಟ್ಟಿಗೆ ದೊಡ್ಡ ಪಾಠ. ಸ್ಟೀಲ್ ತಟ್ಟೆ, ಬಟ್ಟೆ ಹೊಲಿಯುವ ಸೂಜಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಅವಳ ಮಡಚು ಲೆನ್ಸ್. ತವರಿಂದ ಅವಳು ಹುಚ್ಚೆಳ್ಳು ಹೂ ತಂದಿದ್ದಳು. ಬಲಿಪಾಡ್ಯಮಿಯ ದಿನ ಸಗಣಿಯ ಬೆನಕನ ತಲೆಗೆ ಸಿಕ್ಕಿಸುವುದಕ್ಕೆ ನಮ್ಮ ಮನೆಯಲ್ಲಿ ಹುಚ್ಚೆಳ್ಳು ಹೂವೇ ಆಗಬೇಕು. ಅದರಲ್ಲೊಂದನ್ನು ತಟ್ಟೆಯಲ್ಲಿಟ್ಟು, "ಇದರಲ್ಲಿ ಎಷ್ಟು ಹೂ ಇವೆ ಹೇಳಿ ಅತ್ತೆ" ಅಂದಳು. ಒಂದು, ಅಂದೆ.

ಸೂಜಿಯಿಂದ ಹೂವನ್ನು ನಡುವೆ ಸೀಳಿದಳು. ಅಂಚಿನಲ್ಲಿ ದಳ ಅಂತ ನಾನು ಅಂದುಕೊಂಡಿದ್ದವು ಎಂಟು. ಒಂದೊಂದನ್ನೂ ಮೆಲ್ಲಗೆ ಎಳೆದಾಗ ಬುಡದಲ್ಲಿ ಪುಟ್ಟ ಕೊಳವೆ, ಅದರ ಕೆಳಗೆ ಎಳೆಯ ಕಾಳು. ಅಂದರೆ ಅದು ದಳ ಅಲ್ಲ, ಒಂದು ಪೂರ್ತಿ ಹೂವೇ. ಒಂದು ಬದಿ ಉದ್ದವಾಗಿ ನಾಲಿಗೆಯ ಹಾಗೆ ಚಾಚಿಕೊಂಡಿದೆ ಅಷ್ಟೆ. ನಾಲಿಗೆಯ ತುದಿಯಲ್ಲಿ ಮೂರು ಸಣ್ಣ ಹಲ್ಲು. ನಡುವೆ ಹಳದಿ ಗುಬಟಿನ ಹಾಗೆ ಇದ್ದದ್ದು ಹತ್ತಾರು ಕೊಳವೆ ಹೂಗಳ ಸಂತೆ. ಪ್ರತಿ ಕೊಳವೆಗೂ ಐದು ತುದಿ, ಪ್ರತಿಯೊಂದರ ಅಡಿಯಲ್ಲೂ ಒಂದು ಕಾಳು, ಪಕ್ಕದಲ್ಲಿ ತೆಳ್ಳಗಿನ ಹೊಟ್ಟಿನಂಥ ಒಂದು ಪೊರೆ. ಎಲ್ಲವನ್ನೂ ಸುತ್ತುವರಿದು ಕೆಳಗಿನಿಂದ ಹಿಡಿದುಕೊಂಡಿರುವುದು ಐದು ಹಸಿರು ಎಲೆ. ಅದನ್ನೇ ನಾನು ಹೂವಿನ ತೊಟ್ಟಿನ ಬಟ್ಟಲು ಅಂದುಕೊಂಡಿದ್ದೆ. ಐವತ್ತು ವರ್ಷದಿಂದ ಹುಚ್ಚೆಳ್ಳಿನ ಹೊಲದಲ್ಲಿ ಓಡಾಡಿದವಳು ನಾನು. ಒಂದು ಹೂವಿನಿಂದ ಅಷ್ಟೊಂದು ಕಾಳು ಹೇಗೆ ಉದುರುತ್ತವೆ ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಈ ಬಳಗದ ಹಳೆಯ ಹೆಸರು ಕಾಂಪೊಸಿಟೆ, ಕೂಡಿಕೊಂಡ ಹೂ ಅನ್ನುವ ಅರ್ಥ. ಈಗ ಆಸ್ಟರೇಸೀ ಅನ್ನುತ್ತಾರೆ, ಶಾಲೆಯ ಪಾಠದಲ್ಲಿ ಸೂರ್ಯಕಾಂತಿ ಕುಟುಂಬ. ಜಗತ್ತಿನಲ್ಲಿ ಸುಮಾರು 32 ಸಾವಿರ ಪ್ರಭೇದಗಳಿವೆ. ಹೂಬಿಡುವ ಗಿಡಗಳಲ್ಲಿ ಇದೂ ಸೀತಾಳೆಯ (ಆರ್ಕಿಡ್) ಕುಟುಂಬವೂ ಎಲ್ಲಕ್ಕಿಂತ ದೊಡ್ಡವು. ಸೂರ್ಯಕಾಂತಿ, ಸೇವಂತಿಗೆ, ಚೆಂಡು ಹೂ, ಹುಚ್ಚೆಳ್ಳು, ಕುಸುಬೆ, ಗರಗ ಎಲ್ಲ ಇದೇ ಮನೆಯವು. ಕಾಂಗ್ರೆಸ್ ಗಿಡವೂ ಇದೇ ಮನೆಯದು ಅಂದಾಗ ಮೊದಲು ನಂಬಲಿಲ್ಲ. ಮಾರನೆಯ ದಿನ ಅದರ ಅಕ್ಕಿಕಾಳಿನಂಥ ಬಿಳಿ ಹೂವನ್ನೂ ಲೆನ್ಸಿನಡಿ ಇಟ್ಟೆ. ಅಂಚಿನಲ್ಲಿ ಐದು ಕಿರಿದಾದ ನಾಲಿಗೆ ಹೂ, ನಡುವೆ ಕೊಳವೆ ಹೂ. ಕಟ್ಟಿದ ರೀತಿ ಅದೇ. ಬಣ್ಣ ನೋಡಿ ಬಳಗ ಹೇಳಬಾರದು ಅನ್ನುವುದನ್ನು ಆವತ್ತು ಕಲಿತೆ. ನೆಗ್ಗಿಲಿನ ಹೂವೂ ಹಳದಿ, ಆವರಿಕೆಯದೂ ಹಳದಿ. ಆದರೆ ಅವು ನಿಜವಾಗಿ ಒಂದೊಂದೇ ಹೂ, ಅವುಗಳದು ದಳವೇ, ಅವಕ್ಕೂ ಈ ಬಳಗಕ್ಕೂ ಸಂಬಂಧ ಇಲ್ಲ.

ಅಲ್ಲಿಂದ ನನಗೆ ಒಂದು ಹುಚ್ಚು ಹಿಡಿಯಿತು. ಎಲ್ಲಿ ಹಳದಿ ಹೂ ಕಂಡರೂ ಮಗುಚುವುದು. ಮೈಸೂರಿಗೆ ಹೋದಾಗಲೆಲ್ಲ ಬೆಳಗಿನ ಹೊತ್ತು ಸೊಸೆಯ ಜೊತೆ (ನಮ್ಮ ಕಡೆ ಅಣ್ಣನ ಮಗಳು ಸೊಸೆಯೇ) ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೋ ಚಾಮುಂಡಿ ಬೆಟ್ಟದ ಮೆಟ್ಟಿಲ ಪಕ್ಕವೋ ನಡೆಯುವುದು. ಅವಳು ಹೆಸರನ್ನು ಮೊದಲೇ ಹೇಳುತ್ತಿರಲಿಲ್ಲ. ನಾನು ಕಂಡದ್ದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಹೇಳುತ್ತಿದ್ದಳು. ಅವಳ ಮನೆಯಲ್ಲಿ ಹಾಸನ ಜಿಲ್ಲೆಯ ಸಸ್ಯಗಳ ಬಗ್ಗೆ ಸಲ್ಡಾನ ಮತ್ತು ನಿಕಲ್ಸನ್ 1976ರಲ್ಲಿ ಹೊರತಂದ ದಪ್ಪ ಪುಸ್ತಕ ಇದೆ. ಇಂಗ್ಲಿಷ್ ಓದುವುದು ನನಗೆ ನಿಧಾನ, ಆದರೂ ಅದರ ಕ್ರಮ ಹಿಡಿಯಿತು. ಪ್ರತಿ ಸಲವೂ ಎರಡು ದಾರಿ ಕೊಟ್ಟು, ಇದಾದರೆ ಹೀಗೆ ಹೋಗು, ಅದಾದರೆ ಹಾಗೆ ಹೋಗು ಅನ್ನುತ್ತದೆ.

ನಾನು ಈಗಲೂ ಮಾಡುವ ಕ್ರಮ ಇಷ್ಟೇ. ಮೊದಲು ಕಾಂಡ ಮುರಿಯುತ್ತೇನೆ. ಹಾಲು ಬಂದರೆ ಅದು ಬೇರೆ ಕವಲು. ಗದ್ದೆಯಂಚಿನಲ್ಲಿ ಬೆಳೆಯುವ ಸೊಂಕಸ್ ಅಂಥದ್ದು. ಅದರಲ್ಲಿ ನಡುವಿನ ಗುಬಟೇ ಇಲ್ಲ, ಎಲ್ಲವೂ ನಾಲಿಗೆ ಹೂಗಳೇ, ನಾಲಿಗೆಯ ತುದಿಯಲ್ಲಿ ಮೂರಲ್ಲ, ಐದು ಹಲ್ಲು. ಹಾಲು ಬರದಿದ್ದರೆ ಎಲೆ ಎದುರುಬದುರಾಗಿದೆಯೋ ಬಿಡಿಬಿಡಿಯಾಗಿದೆಯೋ ನೋಡುತ್ತೇನೆ. ಆಮೇಲೆ ಹೂವನ್ನು ಮಗುಚಿ ಕೆಳಗಿನ ಹಸಿರು ಎಲೆಗಳನ್ನು ಎಣಿಸುತ್ತೇನೆ, ಬೆರಳಿಂದ ಮುಟ್ಟುತ್ತೇನೆ. ಮುಟ್ಟುವುದು ಮುಖ್ಯ. ಸಿಗೆಸ್ಬೆಕಿಯ ಅಂತ ಒಂದು ಗಿಡ ಕಾಫಿ ತೋಟಗಳ ಕಡೆಯೂ ನಮ್ಮ ನೆರಳಿನ ಬೇಲಿಗಳಲ್ಲೂ ಸಿಗುತ್ತದೆ. ಅದರ ಹೂ ತೀರಾ ಚಿಕ್ಕದು, ಹಾಗೇ ದಾಟಿಹೋಗುವಂಥದ್ದು. ಮಗುಚಿದರೆ ಐದು ಉದ್ದನೆಯ ಕಡ್ಡಿಯಂಥ ಎಲೆ ನಕ್ಷತ್ರದ ಹಾಗೆ ಚಾಚಿಕೊಂಡಿರುತ್ತವೆ, ಪ್ರತಿಯೊಂದರ ಮೇಲೂ ಅಂಟಿನ ಹನಿ. ಬೆರಳಿಗೆ ಅಂಟುತ್ತದೆ, ಹಸುವಿನ ಮೈಗೂ ಅಂಟುತ್ತದೆ, ಹಾಗೆಯೇ ಊರಿಂದೂರಿಗೆ ಹೋಗುತ್ತದೆ.

ಕೊನೆಗೆ ಕಾಳು. ಹೂವಿನ ಸುಳ್ಳು ಕಾಳಿನಲ್ಲಿ ಬಯಲಾಗುತ್ತದೆ ಅಂತ ನನಗೆ ಅನ್ನಿಸುತ್ತದೆ. ಎಲ್ಲ ಶಾಲೆಗಳ ಬಯಲಿನಲ್ಲೂ ಇರುವ ಜಯಂತಿ ಗಿಡ, ಟ್ರೈಡ್ಯಾಕ್ಸ್, ಹುಡುಗರು ಗಾಯಕ್ಕೆ ಎಲೆ ಅರೆದು ಹಚ್ಚಿಕೊಳ್ಳುವುದು. ಅದರ ಗುಬಟು ಹಳದಿ, ಅಂಚಿನ ನಾಲಿಗೆ ಕೆನೆ ಬಣ್ಣ. ಅದರ ಕಾಳಿಗೆ ಗರಿಯಂಥ ಕೂದಲಿನ ಕೊಡೆ, ಗಾಳಿಗೆ ಹಾರುತ್ತದೆ. ಇದೇ ಬಳಗದ ಬೈಡೆನ್ಸ್ ಅನ್ನುವ ಗಿಡದ ಕಾಳಿಗೆ ಹಿಮ್ಮುಖ ಮುಳ್ಳಿನ ಕೊಕ್ಕೆ, ಸೀರೆಯ ಅಂಚು ಹಿಡಿದು ಬರುತ್ತದೆ. ಸಿನೆಡ್ರೆಲ್ಲ ಅನ್ನುವ ಇನ್ನೊಂದು ಪುಟ್ಟ ಹಳದಿ ಹೂವಿನ ಗಿಡ ತೋಟದ ನೆರಳಿನಲ್ಲಿ ರಾಶಿ ರಾಶಿ ಬರುತ್ತದೆ. ಅದರ ಒಂದೇ ಹೂವಿನಲ್ಲಿ ಎರಡು ತರದ ಕಾಳು. ಅಂಚಿನ ಹೂವಿನ ಕಾಳು ಚಪ್ಪಟೆ, ಅಂಚೆಲ್ಲ ಹರಿದ ಕಾಗದದ ಹಾಗೆ. ನಡುವಿನ ಹೂವಿನ ಕಾಳು ತೆಳ್ಳಗೆ, ತಲೆಯ ಮೇಲೆ ಎರಡು ಸೂಜಿ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬರು ಊರಲ್ಲಿ ಉಳಿಯುವವರು, ಒಬ್ಬರು ಹೊರಟುಹೋಗುವವರು ಅನ್ನುವ ಹಾಗೆ ನನಗೆ ಕಂಡಿತು. ಹುಚ್ಚೆಳ್ಳಿನ ಕಾಳಿಗೆ ಕೂದಲೂ ಇಲ್ಲ, ಮುಳ್ಳೂ ಇಲ್ಲ. ನುಣ್ಣಗೆ, ಕಪ್ಪಗೆ ಹೊಳೆಯುತ್ತದೆ. ಅದನ್ನು ಒಯ್ದು ಬಿತ್ತುವುದು ಮನುಷ್ಯರ ಕೈ. ಮೂಲದಲ್ಲಿ ಇಥಿಯೋಪಿಯದ ಎತ್ತರದ ಸೀಮೆಯ ಬೆಳೆ ಅದು, ನಮ್ಮ ರಾಗಿ ಹೊಲದ ಅಕ್ಕಡಿ ಸಾಲಿಗೆ ಹೊಂದಿಕೊಂಡು ನಮ್ಮದೇ ಆಗಿಬಿಟ್ಟಿದೆ.

ಬಣ್ಣದ ವಿಷಯಕ್ಕೆ ಒಂದು ಪ್ರಯೋಗ ಹೇಳಿಬಿಡುತ್ತೇನೆ, ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದು. ರಸ್ತೆ ಬದಿಯಲ್ಲಿ ತಾನಾಗಿ ಹಬ್ಬಿರುವ ಹಳದಿ, ಕಿತ್ತಳೆ ಕಾಸ್ಮಾಸ್ ಹೂ ನೋಡಿರುತ್ತೀರಿ, ಮೆಕ್ಸಿಕೋ ಕಡೆಯದು. ಅದರ ಒಂದು ಹಳದಿ ನಾಲಿಗೆ ಹೂವಿಗೆ ಎಲೆ ಅಡಿಕೆಯ ಸುಣ್ಣವನ್ನು ನೀರಿನಲ್ಲಿ ಕಲಸಿ ಹಚ್ಚಿ ತಿಕ್ಕಬೇಕು. ಅರಿಶಿನಕ್ಕೆ ಸುಣ್ಣ ಬಿದ್ದು ಓಕುಳಿ ಆಗುವ ಹಾಗೆ ಕೆಂಪಿಗೆ ತಿರುಗುತ್ತದೆ. ಸೇವಂತಿಗೆಗೆ ಹಚ್ಚಿದರೆ ಹಳದಿ ಹಳದಿಯಾಗೇ ಉಳಿಯುತ್ತದೆ. ಸೇವಂತಿಗೆಯ ಹಳದಿ ಗಜ್ಜರಿಯ ಬಣ್ಣದ ಜಾತಿಯದು, ಕೆರೋಟಿನಾಯ್ಡ್. ಕಾಸ್ಮಾಸ್, ಬೈಡೆನ್ಸ್ ಇವುಗಳ ಸಣ್ಣ ಗುಂಪಿನಲ್ಲಿ ಆಂಥೊಕ್ಲೋರ್ ಅನ್ನುವ ಬೇರೆ ಬಣ್ಣವೂ ಸೇರಿದೆ. ಅದು ಸುಣ್ಣದಂಥ ಕ್ಷಾರ ತಗುಲಿದರೆ ಕೆಂಪಾಗುತ್ತದೆ. ಕಣ್ಣಿಗೆ ಒಂದೇ ಹಳದಿ, ಒಳಗೆ ಬೇರೆ ಬೇರೆ. ನಮ್ಮತ್ತೆಗೆ ಇದನ್ನು ಅವರದೇ ಸುಣ್ಣದ ಡಬ್ಬಿಯಿಂದ ತೋರಿಸಿದಾಗ ಇನ್ನೊಂದು ಸಲ ಮಾಡು ಅಂದರು.

ಕೀಳುವ ಕೆಲಸಕ್ಕೆ ಬರುತ್ತೇನೆ. ಮೊದಲನೆಯ ಸಲ ನಾನು ಮಾಡಿದ್ದು ತಪ್ಪು. ಕುಡುಗೋಲಿನಲ್ಲಿ ಕೊಯ್ದು ಬದುವಿನ ಕೊನೆಯಲ್ಲಿ ರಾಶಿ ಹಾಕಿದೆ. ಈ ಬಳ್ಳಿ ಬೀಜದಿಂದ ಹಬ್ಬುವುದು ಕಡಿಮೆ, ತುಂಡಿನಿಂದ ಹಬ್ಬುತ್ತದೆ. ಪ್ರತಿ ಗೆಣ್ಣಿನಲ್ಲೂ ಬೇರು ಬಿಡುತ್ತದೆ. ನಾನು ಕೊಯ್ದದ್ದು ಅಂದರೆ ನೂರಾರು ಸಸಿ ಮಾಡಿ ಕೊಟ್ಟ ಹಾಗಾಯಿತು. ಹದಿನೈದು ದಿನದಲ್ಲಿ ರಾಶಿಯೇ ಚಿಗುರಿತು, ಬದುವೂ ಚಿಗುರಿತು.

ಎರಡನೆಯ ಸಲ ನಿಧಾನವಾಗಿ ಮಾಡಿದೆ. ಮಳೆ ಬಂದು ಎರಡು ದಿನಕ್ಕೆ ಮಣ್ಣು ಮೆತ್ತಗಿರುವಾಗ ಗುದ್ದಲಿಯಿಂದ ಬುಡ ಎಬ್ಬಿಸಿ, ಬಳ್ಳಿಯನ್ನು ಚಾಪೆ ಸುತ್ತಿದ ಹಾಗೆ ಒಂದು ಕಡೆಯಿಂದ ಸುತ್ತಿಕೊಂಡು ಬರುವುದು. ಮುಯ್ಯಾಳಿಗೆ ಇಬ್ಬರು ಹೆಂಗಸರು ಬಂದರು. ಒಬ್ಬರು ಎಬ್ಬಿಸಿದರೆ ಒಬ್ಬರು ಸುತ್ತುವುದು, ಹಿಂದೆ ನಾನು ಕುಕ್ಕೆ ಹಿಡಿದು ಮುರಿದು ಬಿದ್ದ ತುಂಡುಗಳನ್ನು ಆರಿಸುವುದು. ಆರಿಸುವುದೇ ಅಸಲು ಕೆಲಸ. ಬೆರಳುದ್ದದ ಒಂದು ತುಂಡು ಬಿಟ್ಟರೂ ಆಯಿತು. ಕಿತ್ತದ್ದನ್ನು ಮಣ್ಣು ತಾಗದ ಹಾಗೆ ಬಂಡೆಯ ಮೇಲೆ ಹರಡಿ ಒಣಗಿಸಿದೆ. ಎಲೆ, ಕಾಂಡ ಎರಡರಲ್ಲೂ ನೀರು ಜಾಸ್ತಿ, ಒಳ್ಳೆಯ ಬಿಸಿಲಿದ್ದರೂ ಹನ್ನೆರಡು ದಿನ ಹಿಡಿಯಿತು. ಮುರಿದರೆ ಲಟಕ್ಕನೆ ಮುರಿಯುವಷ್ಟು ಒಣಗಿದ ಮೇಲೆ ಕಬ್ಬಿನ ಸಾಲಿಗೆ ಹಾಕಿದೆ. ತೂಬಿನ ಹತ್ತಿರ ಕಲ್ಲಿನ ಸಂದಿಯಲ್ಲಿ ಕೈ ಹೋಗದ ಜಾಗಕ್ಕೆ ಕಪ್ಪು ಟಾರ್ಪಾಲು ಹೊದಿಸಿ ಅಂಚಿಗೆ ಕಲ್ಲಿಟ್ಟು ಒಂದು ಬೇಸಿಗೆ ಪೂರ್ತಿ ಬಿಟ್ಟೆ. ಕಳೆನಾಶಕ ಹೊಡೆಯಿರಿ, ಒಂದು ವಾರದಲ್ಲಿ ಮುಗಿಯುತ್ತದೆ ಅಂದವರಿದ್ದರು. ನಾಲೆಯ ನೀರು ಕೆಳಗಿನ ಊರಿಗೆ ಹೋಗುತ್ತದೆ, ಅದೇ ಬದುವಿನ ಸೊಪ್ಪು ನಾವು ತಿನ್ನಬೇಕು. ನಾನು ಒಪ್ಪಲಿಲ್ಲ.

ಖಾಲಿ ಮಾಡಿದ ನೆಲ ಖಾಲಿ ಉಳಿಯುವುದಿಲ್ಲ ಅನ್ನುವುದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಮೊದಲ ಮಳೆಗೆ ಅಲ್ಲಿ ಎದ್ದದ್ದು ಕಾಂಗ್ರೆಸ್ ಗಿಡ. ಹೂ ಬರುವ ಮೊದಲೇ, ಕೈಗೆ ಚೀಲ ಕಟ್ಟಿಕೊಂಡು ಕಿತ್ತೆ. ಕೆಲವು ಗಿಡಗಳ ಎಲೆಯನ್ನು ಕಪ್ಪು ಪಟ್ಟೆಯ ಪುಟ್ಟ ದುಂಬಿಗಳು ತಿಂದು ಜರಡಿ ಮಾಡಿದ್ದವು. ಕಾಂಗ್ರೆಸ್ ಗಿಡವನ್ನು ಹತೋಟಿಗೆ ತರಲು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೈಗೋಗ್ರಾಮ ದುಂಬಿಯ ಸಂತತಿ ಅದು. ಅದನ್ನು ನೋಡಿ ಖುಷಿಪಟ್ಟೆ. ಆದರೆ ದುಂಬಿಯನ್ನೇ ನಂಬಿ ಕೂರಲಿಲ್ಲ.

2020ರಲ್ಲಿ ಮಖೆ ಮಳೆ ಬಿದ್ದಾಗ ತವರಿನಿಂದ ತಂದ ಹುಚ್ಚೆಳ್ಳನ್ನು ಬದುವಿನುದ್ದಕ್ಕೂ ಚೆಲ್ಲಿದೆ. ಒಣಬೇಸಾಯದ ಬೆಳೆ, ನಾಲೆಯ ತೇವಕ್ಕೆ ಕೊಳೆಯುತ್ತದೆ ಅಂದರು ಮನೆಯವರು. ಕೊಳೆಯಲಿಲ್ಲ. ನೀರು ನಿಲ್ಲುವ ಮಣ್ಣನ್ನೂ ಅದು ತಡೆದುಕೊಳ್ಳುತ್ತದೆ. ಅಕ್ಟೋಬರಿಗೆ ಬದು ಮತ್ತೆ ಹಳದಿಯಾಯಿತು. ಈ ಸಲದ ಹಳದಿಯ ಕೆಳಗೆ ಬೇರೆ ಗಿಡಕ್ಕೆ ಜಾಗ ಇತ್ತು, ಬೆಳಕು ಇಳಿಯುತ್ತಿತ್ತು.

ಆ ತಿಂಗಳು ದಿನಾ ಬೆಳಗ್ಗೆ ಏಳು ಗಂಟೆಗೆ ಒಂದೇ ಹೂವಿನ ಮುಂದೆ ಲೆನ್ಸ್ ಹಿಡಿದು ಕೂರುತ್ತಿದ್ದೆ. ಗುಬಟಿನ ಕೊಳವೆ ಹೂಗಳು ಒಟ್ಟಿಗೆ ಅರಳುವುದಿಲ್ಲ. ಹೊರಗಿನ ಸುತ್ತು ಮೊದಲು, ಆಮೇಲೆ ಒಂದೊಂದೇ ಸುತ್ತು ಒಳಕ್ಕೆ. ಕೊಳವೆಯೊಳಗೆ ಐದು ಕೇಸರಗಳ ತಲೆಗಳು ಅಂಟಿಕೊಂಡು ಒಂದು ಸಣ್ಣ ನಳಿಕೆಯಾಗಿವೆ, ಪರಾಗ ಆ ನಳಿಕೆಯ ಒಳಗಡೆಗೆ ಉದುರುತ್ತದೆ. ಆಮೇಲೆ ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗದ ಕಡ್ಡಿ, ಕೆಳಗಿನಿಂದ ಬೆಳೆಯುತ್ತ ಬಂದು, ಶಾವಿಗೆ ಒರಳಿನಲ್ಲಿ ಹಿಟ್ಟನ್ನು ಮೇಲಿನಿಂದ ಒತ್ತಿದ ಹಾಗೆ, ಇಲ್ಲಿ ಕೆಳಗಿನಿಂದ ಪರಾಗವನ್ನು ಮೇಲಕ್ಕೆ ಒತ್ತುತ್ತದೆ. ನಳಿಕೆಯ ಬಾಯಲ್ಲಿ ಪರಾಗದ ಪುಡಿ ತುಂಬಿ ನಿಲ್ಲುತ್ತದೆ, ಜೇನ್ನೊಣ ಬಂದು ಹೊಟ್ಟೆಗೆ ಮೆತ್ತಿಕೊಂಡು ಹೋಗುತ್ತದೆ. ಆಮೇಲೆ ಶಲಾಕೆ ಪೂರ್ತಿ ಹೊರಬಂದು ಹಾವಿನ ನಾಲಿಗೆಯ ಹಾಗೆ ಎರಡಾಗಿ ಸೀಳಿಕೊಂಡು ಬಾಗುತ್ತದೆ, ಬೇರೆಯ ಪರಾಗಕ್ಕೆ ಕಾಯುತ್ತದೆ. ಅಂದರೆ ಆ ಹೂ ಮೊದಲು ಗಂಡು, ಆಮೇಲೆ ಹೆಣ್ಣು. ಒಂದೇ ಬೆಳಗಿನಲ್ಲಿ ಹೊರಸುತ್ತು ಹೆಣ್ಣು, ಅದರ ಒಳಸುತ್ತು ಗಂಡು, ನಡುವೆ ಇನ್ನೂ ಮೊಗ್ಗು. ಒಂದು ರೂಪಾಯಿಯ ನಾಣ್ಯದಷ್ಟು ಜಾಗದಲ್ಲಿ ಮೂರು ತಲೆಮಾರು.

ಹುಚ್ಚೆಳ್ಳು ತನ್ನದೇ ಪರಾಗವನ್ನು ಒಪ್ಪುವುದಿಲ್ಲ, ಬೇರೆ ಗಿಡದ್ದೇ ಬೇಕು ಅಂತ ಸೊಸೆ ಹೇಳಿದ್ದಳು. ನೋಡಿಯೇ ಬಿಡೋಣ ಅಂತ ಹಳೆಯ ಸೊಳ್ಳೆಪರದೆ ಕತ್ತರಿಸಿ ಚೀಲ ಹೊಲಿದು, ಮೊಗ್ಗಿದ್ದಾಗಲೇ ಆರು ಹೂಗಳಿಗೆ ಕಟ್ಟಿದೆ. ಪಕ್ಕದಲ್ಲೇ ಆರು ಹೂಗಳಿಗೆ ಕೆಂಪು ದಾರ ಕಟ್ಟಿ ತೆರೆದೇ ಬಿಟ್ಟೆ. ಒಣಗಿದ ಮೇಲೆ ಅಂಗೈ ಮೇಲೆ ಉಜ್ಜಿ ಊದಿದೆ. ದಾರ ಕಟ್ಟಿದವುಗಳಲ್ಲಿ ಕರಿ ಕಾಳು ಗಟ್ಟಿಯಾಗಿ ಉಳಿದವು. ಪರದೆಯೊಳಗಿನವು ಹೆಚ್ಚುಕಡಿಮೆ ಎಲ್ಲ ಜೊಳ್ಳು, ಊದಿದ್ದಕ್ಕೆ ಹಾರಿಹೋದವು. ಪುಸ್ತಕದ ಮಾತು ನನ್ನ ಅಂಗೈಯಲ್ಲಿ ನಿಂತಿತು. ಆವತ್ತಿನಿಂದ ಬದುವಿನ ಹೊಂಗೆ ಮರದಲ್ಲಿ ಕಟ್ಟುವ ಕೋಲ್ಜೇನನ್ನು ಯಾರೂ ಓಡಿಸಕೂಡದು ಅಂತ ಮನೆಯಲ್ಲಿ ಹೇಳಿಟ್ಟಿದ್ದೇನೆ. ಆ ಹಾಳು ಬಳ್ಳಿಗೆ ಜೇನು ಬರುತ್ತಿರಲಿಲ್ಲವೇ ಅಂದರೆ, ಬರುತ್ತಿತ್ತು. ಚಿಟ್ಟೆಯೂ ಬರುತ್ತಿತ್ತು. ಆದರೆ ಒಂದೇ ಗಿಡ ಇರುವ ಬದುವಿಗೂ ಇಪ್ಪತ್ತು ಗಿಡ ಇರುವ ಬದುವಿಗೂ ಬರುವ ನೊಣಗಳ ಲೆಕ್ಕ ಬೇರೆ. ದಿನಾ ಕೂತು ನೋಡಿದವಳಾಗಿ ಇದನ್ನು ಹೇಳುತ್ತಿದ್ದೇನೆ.

ನೋಡಿದ ಪ್ರತಿಯೊಂದು ಗಿಡದ ಒಂದು ರೆಂಬೆಯನ್ನು ಹಳೆಯ ಪತ್ರಿಕೆಯ ನಡುವೆ ಇಟ್ಟು, ಎರಡು ಪ್ಲೈವುಡ್ ಹಲಗೆಯ ನಡುವೆ ಸೇರಿಸಿ, ಮೇಲೆ ರುಬ್ಬುಗುಂಡು ಹೇರಿ ಒಣಗಿಸಿ ಇಟ್ಟುಕೊಂಡಿದ್ದೇನೆ. ಮೊದಲ ನಾಲ್ಕು ದಿನ ದಿನಾ ಕಾಗದ ಬದಲಿಸಬೇಕು, ಇಲ್ಲವಾದರೆ ಬೂಷ್ಟು. ಒಂದು ಹೂವನ್ನು ಮುಖ ಮೇಲಾಗಿ, ಒಂದನ್ನು ಮಗುಚಿ ಇಡಬೇಕು. ಪಕ್ಕದಲ್ಲಿ ದಿನ, ಜಾಗ, ಬಣ್ಣ, ಎತ್ತರ ಬರೆಯಬೇಕು. ಒಣಗಿದ ಮೇಲೆ ಬಣ್ಣ ನೆನಪಿರುವುದಿಲ್ಲ.

ಗರಗದ ಮಾತು ಉಳಿಯಿತು. ಟಾರ್ಪಾಲು ತೆಗೆದ ವರ್ಷ, ತೂಬಿನ ತೇವದ ಮಣ್ಣಿನಲ್ಲಿ ತಾನಾಗೇ ಒಂದು ಗಿಡ ಎದ್ದಿತು. ಎದುರುಬದುರು ಒರಟು ಎಲೆ, ಕಂಕುಳಲ್ಲಿ ಗುಂಡಿಯಷ್ಟು ಬಿಳಿ ಹೂ. ಮಗುಚಿ ನೋಡಿದೆ, ನಾಲಿಗೆ ಹೂ ಕೂದಲಷ್ಟು ಸಣ್ಣ. ಸೊಸೆಗೆ ಫೋಟೋ ಕಳಿಸುವ ಮೊದಲು ನಮ್ಮತ್ತೆಗೆ ತೋರಿಸಿದೆ. ಅವರು ಎರಡು ಎಲೆ ಕಿತ್ತು ನನ್ನ ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಅರೆದರು. "ತಡ್ಕೊ, ನೋಡ್ತಿರು" ಅಂದರು. ಹಸಿರು ರಸ ಒಣಗುತ್ತ ಒಣಗುತ್ತ ಕಪ್ಪಾಯಿತು, ಮಸಿಯ ಹಾಗೆ ರೇಖೆಗಳಲ್ಲಿ ಇಳಿಯಿತು. ಎಕ್ಲಿಪ್ಟ ಪ್ರೊಸ್ಟ್ರೇಟ, ನಮ್ಮಜ್ಜಿಯ ಗರಗ ಇದೇ. ಬಿಳಿಯದು. ನಾನು ದುಡ್ಡು ಕೊಟ್ಟು ತಂದ ಬಳ್ಳಿಯ ಎಲೆಯನ್ನೂ ಇನ್ನೊಂದು ಅಂಗೈಯಲ್ಲಿ ಅರೆದು ನೋಡಿದೆ, ಅದು ಹಸಿರಾಗೇ ಒಣಗಿತು. ಅಜ್ಜಿಯ ಕೈಯಲ್ಲಿ ಎಣ್ಣೆ ಕಾಯಿಸುವ ದಿನ ಸದಾ ಕಪ್ಪು ಕಲೆ ಇರುತ್ತಿದ್ದದ್ದು ನೆನಪಾಗಿ ಅಲ್ಲೇ ಸ್ವಲ್ಪ ಹೊತ್ತು ಕೂತೆ. ಆ ವಾರ ಬಸ್ಸಾರಿಗೆ ನಾಲ್ಕು ಎಸಳು ಗರಗ ಬಿತ್ತು.

ಬಳ್ಳಿ ಪೂರ್ತಿ ಹೋಗಿಲ್ಲ. ನಾಲೆಗೆ ನೀರು ಬಿಟ್ಟಾಗಲೆಲ್ಲ ಮೇಲಿನ ಕಡೆಯಿಂದ ತುಂಡುಗಳು ತೇಲಿ ಬಂದು ತೂಬಿಗೆ ಸಿಕ್ಕಿಕೊಳ್ಳುತ್ತವೆ. ಅಲ್ಲಿ ಒಂದು ಮನೆಯ ಕಾಂಪೌಂಡಿನ ಹೊರಗೆ ನಾಲೆಯ ದಡದವರೆಗೂ ಅದನ್ನು ಬೆಳೆಸಿದ್ದಾರೆ. ನನ್ನಿಂದ ತುಂಡು ಕೇಳಿ ತೆಗೆದುಕೊಂಡು ಹೋದವರೇ ಅವರು. ಹೋಗಿ ಹೇಳಿದೆ. ಹೂವನ್ನು ಮಗುಚಿ ತೋರಿಸಿದೆ, ಎಲೆಯ ಮೂರು ಹಾಳೆ ತೋರಿಸಿದೆ, ನನ್ನ ಬದುವಿನ ಹಳೆಯ ಫೋಟೋ ತೋರಿಸಿದೆ. ನೀರು ನಿಂತ ಮೇಲೆ ಕೀಳೋಣ ಅಂದಿದ್ದಾರೆ. ಗುದ್ದಲಿ, ಕುಕ್ಕೆ ಎರಡೂ ನಾನೇ ತರುತ್ತೇನೆ ಅಂತ ಹೇಳಿ ಬಂದಿದ್ದೇನೆ.